ನಮ್ಮ ಚರಿತ್ರೆಯನ್ನು ನಾವೇ ಬರೆಯಬೇಕೆಂದ ಆಲೂರು ವೆಂಕಟರಾಯರು

ಪರರ ಆಳ್ವಿಕೆಗೆ ಒಳಗಾದ ಜನಾಂಗವು ಮೊದಲು ರಾಜ್ಯವನ್ನು ಕಳೆದುಕೊಳ್ಳುತ್ತದೆ. ತರುವಾಯ ಮೆಲ್ಲಮೆಲ್ಲನೆ ನೆನಪನ್ನೂ ಕಳೆದುಕೊಳ್ಳುತ್ತದೆ. ಹೋದ ರಾಜ್ಯವನ್ನು ಮರಳಿ ಪಡೆಯಲು ಹೋರಾಟಗಾರರು ಬೇಕು. ಹೋದ ನೆನಪನ್ನು ಮರಳಿ ತರಲು ಚರಿತ್ರಕಾರರು ಬೇಕು. ಈ ಎರಡು ಕೆಲಸಗಳನ್ನೂ ಒಂದೇ ಜೀವಮಾನದಲ್ಲಿ ಕೈಗೊಂಡ ಮಹನೀಯರು ವಿರಳ. ಕನ್ನಡ ನಾಡಿನಲ್ಲಿ ಅಂಥವರನ್ನು ಎಣಿಸತೊಡಗಿದರೆ ಮೊದಲು ನಾಲಗೆಗೆ ಬರುವ ಹೆಸರು ಆಲೂರು ವೆಂಕಟರಾಯರದು. ನಮ್ಮ ಸಂಘದ ವಾರ್ಷಿಕೋತ್ಸವದ ಈ ಸ್ಮರಣ ಸಂಚಿಕೆಗೆ ಅವರ ಜೀವನವೃತ್ತಾಂತವನ್ನು ಸಂಕ್ಷೇಪವಾಗಿ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ ನಾವು ಸಂತೋಷದಿಂದ ಒಪ್ಪಿಕೊಂಡೆವು. ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ನೆಲಸಿ, ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುತ್ತ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ನಮ್ಮಂಥವರಿಗೆ ಅವರ ಬಾಳಿನಿಂದ ಕಲಿಯತಕ್ಕ ಪಾಠವೂ ಇದೆ. ಅವರ ಮುಂದೆ ವಿನಯದಿಂದ ಇಡತಕ್ಕ ಪ್ರಶ್ನೆಯೂ ಒಂದಿದೆ.

ವೆಂಕಟರಾಯರು 1880ನೆಯ ಇಸವಿ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು ಸರ್ಕಾರದ ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದರು. ಗೋಳಗುಮ್ಮಟದ ನೆರಳಿನ ಊರು ಅದು. ಹಾಳುಬಿದ್ದ ಕೋಟೆ, ಮುರಿದ ಕಮಾನು, ಬತ್ತಿದ ಬಾವಿಗಳ ನಡುವೆ ಹುಟ್ಟಿದ ಬಾಲಕನಿಗೆ ಮುಂದೆ ಹಾಳೂರುಗಳೇ ಗುರುವಾದುದು ದೈವಯೋಗವೆನ್ನಬೇಕು.

ಆಗಿನ ಕಾಲದ ಆ ಸೀಮೆಯ ಸ್ಥಿತಿಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. 1818ರಲ್ಲಿ ಪೇಶ್ವೆಯ ಪತನವಾಗಿ ಧಾರವಾಡದ ಕಡೆಯ ಕನ್ನಡ ಪ್ರದೇಶವು ಇಂಗ್ಲಿಷರ ಕೈಸೇರಿ, ಮುಂಬಯಿ ಆಧಿಪತ್ಯಕ್ಕೆ ಒಳಪಟ್ಟಿತು. ಹೊಸ ದೊರೆಗಳು ಆ ನಾಡನ್ನು ಅದರ ಜನರ ನುಡಿಯಿಂದ ಗುರುತಿಸದೆ, ಹಿಂದೆ ಆಳಿದವರ ಹೆಸರಿನಿಂದ ದಕ್ಷಿಣ ಮರಾಠಾ ಸೀಮೆಯೆಂದು ಕರೆದರು. ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ; ಮನೆಯ ಅಡುಗೆಯ ಒಲೆಯ ಮುಂದೆ ಮಾತ್ರ ಕನ್ನಡ. ಡೆಪ್ಯುಟಿ ಚನ್ನಬಸಪ್ಪನವರಂಥ ಮಹಾನುಭಾವರು ಊರೂರಿಗೆ ಕನ್ನಡ ಶಾಲೆಗಳನ್ನು ತೆರೆಯಿಸಲು ಹೆಣಗಿದ್ದರಿಂದ ಮಕ್ಕಳು ಕನ್ನಡ ಅಕ್ಷರವನ್ನು ಕಂಡರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಅಕ್ಷರವೇನೋ ಬಂದಿತು, ಆದರೆ ಆ ಅಕ್ಷರದಲ್ಲಿ ಓದತಕ್ಕ ತಮ್ಮ ನಾಡಿನ ಚರಿತ್ರೆ ಇರಲಿಲ್ಲ.

ವೆಂಕಟರಾಯರು ಉನ್ನತ ವಿದ್ಯಾಭ್ಯಾಸಕ್ಕಾಗಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು. ಲೋಕಮಾನ್ಯ ತಿಲಕರ ಪ್ರಭಾವವು ಪುಣೆಯನ್ನೆಲ್ಲ ತುಂಬಿದ್ದ ಕಾಲವದು. ಶಿವಾಜಿ ಉತ್ಸವದ ಮೂಲಕ ತಿಲಕರು ಮರಾಠಿ ತರುಣರಿಗೆ ಅವರ ಪೂರ್ವಿಕರ ಕಥೆಯನ್ನು ತಿರುಗಿ ಕೊಟ್ಟಿದ್ದರು. ಆ ಕಥೆಯಿಂದ ಅವರ ಬೆನ್ನು ನೆಟ್ಟಗಾಗಿತ್ತು. ಅದನ್ನು ಕಂಡ ಕನ್ನಡದ ವಿದ್ಯಾರ್ಥಿಗೆ ಅಸೂಯೆಯಾಗಲಿಲ್ಲ; ತನ್ನ ಜನಕ್ಕೂ ಇಂಥ ಪೂರ್ವಿಕರಿರಲಿಲ್ಲವೇ, ಇದ್ದರೆ ಅವರ ಹೆಸರು ತನಗೇಕೆ ತಿಳಿದಿಲ್ಲ ಎಂಬ ಪ್ರಶ್ನೆ ಹುಟ್ಟಿತು. ಪದವಿ ಮುಗಿಸಿ, ಮುಂಬಯಿಯಲ್ಲಿ ಕಾನೂನು ಓದಿ, ಧಾರವಾಡಕ್ಕೆ ಬಂದು ವಕೀಲಿಯನ್ನು ಆರಂಭಿಸಿದಾಗಲೂ ಆ ಪ್ರಶ್ನೆ ಅವರನ್ನು ಬಿಡಲಿಲ್ಲ.

1905ನೆಯ ಇಸವಿಯು ಅವರ ಬಾಳಿನ ತಿರುವು. ಆ ವರ್ಷ ಅವರು ಆನೆಗೊಂದಿಯ ನವವೃಂದಾವನದ ದರ್ಶನಕ್ಕೆಂದು ಹೋದವರು ಹಂಪೆಯನ್ನು ಕಂಡರು. ತುಂಗಭದ್ರೆಯ ದಡದಲ್ಲಿ ಹರದಾರಿಗಟ್ಟಲೆ ಹರಡಿದ್ದ ಆ ಮುರಿದ ಗೋಪುರಗಳು, ಬರಿದಾದ ಪೇಟೆಬೀದಿಗಳು ಅವರ ಮನಸ್ಸನ್ನು ಕಲಕಿಬಿಟ್ಟವು. ತೀರ್ಥಯಾತ್ರೆಗೆ ಹೋದವರು ವ್ರತಧಾರಿಯಾಗಿ ಮರಳಿದರು. ಅದೇ ವರ್ಷ ಬಂಗಾಳವನ್ನು ಸರ್ಕಾರವು ಇಬ್ಭಾಗ ಮಾಡಿತು. ವಂಗ ಜನರು ತಮ್ಮ ನಾಡು ಎರಡಾದುದಕ್ಕೆ ಸಿಡಿದೆದ್ದರು. ಎರಡು ತುಂಡಾದುದಕ್ಕೆ ಅವರು ಅಷ್ಟು ನೊಂದರೆ, ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು, ಇವಲ್ಲದೆ ಜಮಖಂಡಿ, ಮುಧೋಳ, ಸಂಡೂರು ಮೊದಲಾದ ಸಣ್ಣ ಸಂಸ್ಥಾನಗಳಲ್ಲಿ ಚೂರುಚೂರಾಗಿದ್ದ ಕನ್ನಡಿಗರು ನೋವೇ ಇಲ್ಲದೆ ಮಲಗಿರುವುದೇಕೆ ಎಂದು ವೆಂಕಟರಾಯರು ಯೋಚಿಸಿದರು. ಅವರಿಗೆ ಹೊಳೆದ ಉತ್ತರವು ಇಷ್ಟೆ: ತಾನು ಒಂದಾಗಿದ್ದೆನೆಂಬುದನ್ನು ಅರಿಯದವನಿಗೆ ತುಂಡಾದ ನೋವು ತಿಳಿಯದು. ಆದುದರಿಂದ ಮೊದಲು ಚರಿತ್ರೆ ಬೇಕು. ಏಕೀಕರಣವು ಅದರ ಹಿಂದೆ ಬರತಕ್ಕದ್ದು.

ಅಂದು ನಮ್ಮ ನಾಡಿನ ಚರಿತ್ರೆ ಎಲ್ಲಿತ್ತು? ಇಂಗ್ಲಿಷ್ ಪುಸ್ತಕಗಳಲ್ಲಿತ್ತು. 1817ರಲ್ಲಿ ಪ್ರಕಟವಾದ ಜೇಮ್ಸ್ ಮಿಲ್ಲನ ಗ್ರಂಥವು ಭಾರತದ ಚರಿತ್ರೆಯನ್ನು ಹಿಂದೂ, ಮುಸಲ್ಮಾನ, ಬ್ರಿಟಿಷ್ ಎಂದು ಮೂರು ಭಾಗ ಮಾಡಿತ್ತು. ಆ ಪಂಡಿತನು ಭಾರತದ ನೆಲವನ್ನೇ ಮೆಟ್ಟಿದವನಲ್ಲ. 1904ರಲ್ಲಿ ಬಂದ ವಿನ್ಸೆಂಟ್ ಸ್ಮಿತ್ತನ ಪ್ರಾಚೀನ ಭಾರತದ ಇತಿಹಾಸವು ಬಹುಮಟ್ಟಿಗೆ ಗಂಗಾ ಬಯಲಿನ ಕಥೆ. ದಕ್ಷಿಣಕ್ಕೆ ಅದರಲ್ಲಿ ದೊರೆತದ್ದು ಒಂದು ಮೂಲೆ. ಆದರೂ ನ್ಯಾಯವಾದುದನ್ನು ಹೇಳಬೇಕು. ಪರದೇಶದವರಲ್ಲಿ ಕೆಲವರು ನಮ್ಮ ಕಲ್ಲುಗಳನ್ನು ನಮಗಿಂತ ಮೊದಲು ಆದರಿಸಿದರು. ವಾಲ್ಟರ್ ಎಲಿಯಟ್ಟರು ಧಾರವಾಡದ ಕಡೆಯ ಶಾಸನಗಳನ್ನು ಪ್ರತಿ ಮಾಡಿಸಿದರು. ಫ್ಲೀಟರು 1882ರಲ್ಲಿ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ವೃತ್ತಾಂತವನ್ನು ಬರೆದರು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ಮೈಸೂರು ಸೀಮೆಯ ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದವರೂ ಅವರೇ. ನಮ್ಮವರಾದ ರಾಮಕೃಷ್ಣ ಗೋಪಾಲ ಭಂಡಾರಕರರು 1884ರಲ್ಲಿ ದಖ್ಖನದ ಪ್ರಾಚೀನ ಚರಿತ್ರೆಯನ್ನು ಪ್ರಕಟಿಸಿದರು. ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವು 1898ರಲ್ಲಿ ಬೆಳಕು ಕಂಡು, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿದ್ದಿತೆಂಬ ಒಂಬತ್ತನೆಯ ಶತಮಾನದ ಅರಿವನ್ನು ಜನರಿಗೆ ತಿಳಿಸಿತು.

ಇಲ್ಲಿ ನಮ್ಮ ಪ್ರಾಂತಕ್ಕೆ ಹತ್ತಿರವಾದ ಮತ್ತೊಂದು ಗ್ರಂಥವನ್ನು ಹೆಸರಿಸಬೇಕು. ಬಳ್ಳಾರಿಯಲ್ಲಿ ಕಲೆಕ್ಟರರಾಗಿದ್ದ ರಾಬರ್ಟ್ ಸೆವೆಲ್ಲರು 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಬರೆದು, ಪೋರ್ತುಗೀಸ್ ಪ್ರವಾಸಿಗಳಾದ ಪಯಸ್, ನೂನಿಜ್ ಎಂಬವರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದರು. ಮರೆತುಹೋದ ಸಾಮ್ರಾಜ್ಯವೆಂಬುದು ಆ ಗ್ರಂಥದ ಹೆಸರು. ಅವರ ಶ್ರಮವು ಶ್ಲಾಘ್ಯ. ಆದರೆ ಹೆಸರನ್ನು ಓದುವಾಗ ನಮಗೆ ಒಂದು ನಗೆ ಬರುತ್ತದೆ. ಮರೆತವರು ಯಾರು? 1565ರ ಯುದ್ಧದ ತರುವಾಯ ರಾಜಧಾನಿಯಾದ ಪೆನುಗೊಂಡೆಯ ಜನರು ಮರೆತಿರಲಿಲ್ಲ. ಲೇಪಾಕ್ಷಿಯ ವೀರಭದ್ರನಿಗೆ ಹಣ್ಣುಕಾಯಿ ಮಾಡಿಸುವ ಮುದುಕಿಯರು ವಿರೂಪಣ್ಣನ ಹೆಸರನ್ನು ಮರೆತಿರಲಿಲ್ಲ. ನೆನಪು ಜನರ ಬಾಯಲ್ಲಿತ್ತು, ಆಧಾರವು ಕಲ್ಲಿನಲ್ಲಿತ್ತು, ಗ್ರಂಥವು ಇಂಗ್ಲಿಷಿನಲ್ಲಿತ್ತು. ಈ ಮೂರನ್ನೂ ಒಂದು ಕಡೆ ಸೇರಿಸಿ ಕನ್ನಡದಲ್ಲಿ ಹೇಳುವವರು ಬೇಕಾಗಿತ್ತು.

ಆ ಕೆಲಸಕ್ಕೆ ವೆಂಕಟರಾಯರು ಹನ್ನೆರಡು ವರ್ಷಗಳಷ್ಟು ಕಾಲ ದುಡಿದರು. ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' ಪತ್ರಿಕೆಯನ್ನು ನಡೆಸಿದರು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಊರೂರು ಅಲೆದು ಭಾಷಣ ಮಾಡಿದರು. ಇತಿಹಾಸ ಸಂಶೋಧನೆಗಾಗಿ ಮಂಡಲವೊಂದನ್ನು ಕಟ್ಟಲು ಶ್ರಮಿಸಿದರು. ವಕೀಲಿಯಿಂದ ಬರಬಹುದಾಗಿದ್ದ ಸಂಪತ್ತನ್ನು ಅವರು ಬೆನ್ನು ಹತ್ತಲಿಲ್ಲ. ಕೊನೆಗೆ 1917ರಲ್ಲಿ 'ಕರ್ನಾಟಕ ಗತವೈಭವ' ಪ್ರಕಟವಾಯಿತು.

ಆ ಗ್ರಂಥದ ವಿಶೇಷವೇನೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಯ ಹೇಳಬೇಕು. ಅದರಲ್ಲಿರುವ ಸಂಗತಿಗಳಲ್ಲಿ ಬಹುಪಾಲು ಅದಕ್ಕೆ ಮುಂಚೆಯೇ ಫ್ಲೀಟ್, ರೈಸ್, ಭಂಡಾರಕರ್ ಮೊದಲಾದ ವಿದ್ವಾಂಸರು ಶೋಧಿಸಿದ್ದವು. ಬಾದಾಮಿಯ ಚಾಲುಕ್ಯರು, ಮಾನ್ಯಖೇಟದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು ವಿದ್ವಾಂಸರಿಗೆ ಪರಿಚಿತರೇ ಆಗಿದ್ದರು. ಆದರೆ ಇಂಗ್ಲಿಷ್ ಗ್ರಂಥದಲ್ಲಿ ಎರಡನೆಯ ಪುಲಕೇಶಿಯು ವಂಶಾವಳಿಯ ಪಟ್ಟಿಯೊಳಗಿನ ಒಂದು ಹೆಸರು. ವೆಂಕಟರಾಯರ ಗ್ರಂಥದಲ್ಲಿ ಅವನು ಓದುಗನ ಹಿರಿಯ. ಅಲ್ಲಿ ಅವನ ದಿಗ್ವಿಜಯವು ಒಂದು ಅಡಿಟಿಪ್ಪಣಿ. ಇಲ್ಲಿ ಅದು ಉತ್ತರಾಪಥದ ಹರ್ಷನನ್ನು ತಡೆದ ನಮ್ಮ ಮನೆತನದ ಕಥೆ. ಐಹೊಳೆಯಲ್ಲಿ ರವಿಕೀರ್ತಿಯು 634ರಲ್ಲಿ ಬರೆಯಿಸಿದ ಶಾಸನವನ್ನು ಫ್ಲೀಟರೂ ಓದಿದ್ದರು, ವೆಂಕಟರಾಯರೂ ಓದಿದರು. ಒಬ್ಬರು ಅದನ್ನು ದಾಖಲೆಯಾಗಿ ಓದಿದರು. ಮತ್ತೊಬ್ಬರು ಅಜ್ಜ ಬರೆದಿಟ್ಟ ಕಾಗದವಾಗಿ ಓದಿದರು. ಅರಸರ ಕಥೆಯೊಡನೆ ಭಾಷೆ, ಧರ್ಮ, ಶಿಲ್ಪ, ವಿದ್ಯೆಗಳ ಕಥೆಯನ್ನೂ ಅವರು ಸೇರಿಸಿದರು. ಗ್ರಂಥದ ಹೆಸರಿನಲ್ಲಿ ಗತವೆಂಬ ಮಾತಿದ್ದರೂ ಅದು ಅಳುವುದಕ್ಕಾಗಿ ಬರೆದ ಪುಸ್ತಕವಲ್ಲ; ಎಚ್ಚರಿಸುವುದಕ್ಕಾಗಿ ಬರೆದದ್ದು.

ವೆಂಕಟರಾಯರೊಬ್ಬರೇ ಈ ದಾರಿಯಲ್ಲಿ ನಡೆದವರೆಂದು ತಿಳಿಯಬಾರದು. ಆ ದಶಕವೇ ಅಂಥದು. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಲವು ಸ್ಥಾಪಿತವಾಯಿತು. ಅದೇ ವರ್ಷ ನಮ್ಮ ನೆರೆಯ ತೆಲುಗರಲ್ಲಿ ಚಿಲುಕೂರಿ ವೀರಭದ್ರರಾಯರು ಆಂಧ್ರರ ಚರಿತ್ರೆಯ ಮೊದಲ ಸಂಪುಟವನ್ನು ಹೊರತಂದರು. ಸಮುದ್ರದಾಚೆಯ ಫಿಲಿಪ್ಪೀನ್ ದ್ವೀಪಗಳಲ್ಲಿ ಇದಕ್ಕೂ ಹಿಂದೆಯೇ ಹೋಸೆ ರಿಸಾಲ್ ಎಂಬ ದೇಶಭಕ್ತನು ವಿಚಿತ್ರವಾದ ಒಂದು ಉಪಾಯವನ್ನು ಹಿಡಿದಿದ್ದನು. ಸ್ಪೇನಿನ ಅಧಿಕಾರಿ ಮೋರ್ಗನು 1609ರಲ್ಲಿ ಆ ದ್ವೀಪಗಳ ಬಗೆಗೆ ಬರೆದಿದ್ದ ಹಳೆಯ ಗ್ರಂಥವನ್ನು ರಿಸಾಲನು 1890ರಲ್ಲಿ ಪುನಃ ಅಚ್ಚು ಮಾಡಿಸಿ, ಪುಟಪುಟಕ್ಕೂ ತನ್ನ ಟಿಪ್ಪಣಿಗಳನ್ನು ಸೇರಿಸಿ, ಸ್ಪೇನಿನವರು ಬರುವ ಮುಂಚೆಯೂ ತನ್ನ ಜನರಿಗೆ ನಾಗರಿಕತೆ ಇತ್ತೆಂದು ತೋರಿಸಿದನು. ಆಳುವವನ ಪುಸ್ತಕದ ಅಂಚಿನಲ್ಲಿಯೇ ಆಳಿಸಿಕೊಂಡವನು ತನ್ನ ಚರಿತ್ರೆಯನ್ನು ಬರೆದನು. ಫ್ಲೀಟರ ಗ್ರಂಥವನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ಬರೆದ ವೆಂಕಟರಾಯರೂ ಮಾಡಿದುದು ಹೆಚ್ಚುಕಡಮೆ ಅದೇ ಕೆಲಸ. ಆಫ್ರಿಕದ ಜನರು ಸ್ವತಂತ್ರರಾದ ಮೇಲೆ ತಮ್ಮ ಖಂಡದ ಚರಿತ್ರೆಯನ್ನು ತಾವೇ ಬರೆಯಲು ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ 1964ರಲ್ಲಿ ಕೆಲಸವು ಆರಂಭವಾಗಿ, ಮುಂದೆ ಎಂಟು ಸಂಪುಟಗಳಾದುವು. ಹೀಗೆ ಧಾರವಾಡದ ವಕೀಲನ ಕೋಣೆಯಲ್ಲಿ ಉರಿದ ದೀಪವು ಲೋಕದ ಅನೇಕ ಮನೆಗಳಲ್ಲಿ ಉರಿಯುತ್ತಿದ್ದ ದೀಪಗಳಲ್ಲಿ ಒಂದು.

ಗ್ರಂಥವು ಜನರ ಕೈಸೇರಿದ ಮೇಲೆ ಫಲವು ಕಾಣತೊಡಗಿತು. 1915ರಲ್ಲಿಯೇ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಹಲವು ಆಳ್ವಿಕೆಗಳ ಕನ್ನಡ ಲೇಖಕರು ಒಂದೆಡೆ ಸೇರಬೇಕೆಂದು ಅದಕ್ಕೆ ಮುಂಚೆಯೇ ಧಾರವಾಡದಲ್ಲಿ ದುಡಿದವರಲ್ಲಿ ವೆಂಕಟರಾಯರು ಅಗ್ರಗಣ್ಯರು. 1920ರಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತು; ಅದೇ ವರ್ಷದ ನಾಗಪುರ ಕಾಂಗ್ರೆಸ್ಸಿನ ನಿರ್ಣಯದಂತೆ ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತಿಕ ಸಮಿತಿಯು ದೊರೆಯಿತು. ಸರ್ಕಾರದ ನಕ್ಷೆಯಲ್ಲಿಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ನಕ್ಷೆಯಲ್ಲಿ ಮೂಡಿತು. 1922ರಲ್ಲಿ ವೆಂಕಟರಾಯರು 'ಜಯಕರ್ನಾಟಕ' ಮಾಸಪತ್ರಿಕೆಯನ್ನು ಆರಂಭಿಸಿದರು. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರೂ ಅವರೇ.

1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆಯಿತು. ಆ ಅಧಿವೇಶನದ ನಗರಕ್ಕೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಹುಯಿಲಗೋಳ ನಾರಾಯಣರಾಯರ ಗೀತೆಯು ಅಲ್ಲಿ ಮೊಳಗಿತು. ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ಏಳು ವರ್ಷದ ಹಿಂದೆ ಪುಸ್ತಕದಲ್ಲಿದ್ದ ವಿಜಯನಗರವು ಏಳು ವರ್ಷದ ಮೇಲೆ ಲಕ್ಷಾಂತರ ಜನರ ನಾಲಗೆಯ ಮೇಲಿತ್ತು. ಚರಿತ್ರೆಯ ಗ್ರಂಥವು ಜನಜೀವನದೊಳಗೆ ಇಳಿಯುವುದೆಂದರೆ ಇದೇ. 1930ರಲ್ಲಿ ಮೈಸೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ತನ್ನ ಕೃತಜ್ಞತೆಯನ್ನು ಸಲ್ಲಿಸಿತು. ಕನ್ನಡದ ಕುಲಪುರೋಹಿತರೆಂಬ ಬಿರುದು ಅವರ ಹೆಸರಿನೊಡನೆ ಬೆರೆತುಹೋಯಿತು.

ಅವರ ಕರ್ನಾಟಕಾಭಿಮಾನವು ಭಾರತಾಭಿಮಾನಕ್ಕೆ ಎದುರಾದುದಲ್ಲವೆಂಬುದನ್ನು ನಾವು ಒತ್ತಿ ಹೇಳಬೇಕು. ಕರ್ನಾಟಕವನ್ನು ಪ್ರೀತಿಸುವುದು ಭಾರತವನ್ನು ಪ್ರೀತಿಸುವ ಕನ್ನಡಿಗನ ರೀತಿಯೆಂದು ಅವರು ನಂಬಿದ್ದರು. ಕರ್ನಾಟಕತ್ವವೆಂದು ಅವರು ಕರೆದ ತತ್ತ್ವವನ್ನು ಇಳಿವಯಸ್ಸಿನಲ್ಲಿಯೂ ಗ್ರಂಥರೂಪದಲ್ಲಿ ವಿವರಿಸುತ್ತಲೇ ಇದ್ದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಎಪ್ಪತ್ತಾರು ವರ್ಷದ ಆ ವೃದ್ಧರು ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಐವತ್ತೊಂದು ವರ್ಷದ ಹಿಂದೆ ಹಾಳುಹಂಪೆಯಲ್ಲಿ ತೊಟ್ಟ ವ್ರತಕ್ಕೆ ಅಲ್ಲಿಯೇ ಉದ್ಯಾಪನೆಯಾಯಿತು. 1964ರ ಫೆಬ್ರವರಿ 25ರಂದು ಅವರು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಅದನ್ನು ನೋಡಲು ಅವರು ಉಳಿದಿರಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. 1956ರ ಆ ಪೂಜೆಯ ದಿನ ಹಿಂದೂಪುರದಲ್ಲಿ, ಕಲ್ಯಾಣದುರ್ಗದಲ್ಲಿ, ಮಡಕಶಿರೆಯಲ್ಲಿ, ರಾಯದುರ್ಗದಲ್ಲಿ ಇದ್ದ ಕನ್ನಡ ಮನೆಗಳ ಪಾಡೇನು? 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆ ನಮ್ಮದು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆಯನ್ನು ಮಾಡಿದರು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿ, ಉಳಿದವು ಮೈಸೂರಿಗೆ ಹೋದವು. ಅನಂತಪುರ ಜಿಲ್ಲೆಯು ಇದ್ದಂತೆ ಆಂಧ್ರದಲ್ಲಿಯೇ ಉಳಿಯಿತು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಇದೆ. ವೆಂಕಟರಾಯರ ಗ್ರಂಥದ ಕರ್ನಾಟಕದಲ್ಲಿ ನಾವು ಒಳಗಿನವರು. ಸರ್ಕಾರದ ನಕ್ಷೆಯ ಕರ್ನಾಟಕಕ್ಕೆ ನಾವು ಹೊರಗಿನವರು. ಹೀಗಿರುವಲ್ಲಿ ನಮ್ಮ ಮಕ್ಕಳು ಯಾವ ಚರಿತ್ರೆಯನ್ನು ತಮ್ಮದೆನ್ನಬೇಕು?

ಈ ಪ್ರಶ್ನೆಯನ್ನು ನಾವು ಓದಿ ಕಲಿತದ್ದಲ್ಲ. ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದ್ದು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಲೇಪಾಕ್ಷಿಗೆ ಹೋಗಿದ್ದೆವು. ಅಚ್ಯುತದೇವರಾಯನ ಕಾಲದ ಆ ದೇವಾಲಯದ ಗೋಡೆಯ ಮೇಲಿನ ಶಾಸನಾಕ್ಷರಗಳನ್ನು ತೋರಿಸಿ, ನೋಡಿರಿ ಮಕ್ಕಳೇ, ಇದು ಕನ್ನಡ, ಇದು ನಮ್ಮದು ಎಂದು ಬಲು ಹೆಮ್ಮೆಯಿಂದ ಹೇಳಿದೆವು. ಮಕ್ಕಳು ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸಿ ಓದತೊಡಗಿದರು. ಪಕ್ಕದಲ್ಲಿಯೇ ಯಾವುದೋ ತೆಲುಗು ಶಾಲೆಯ ಮಕ್ಕಳು ನಿಂತಿದ್ದರು. ಅವರಲ್ಲೊಬ್ಬ ಹುಡುಗನೂ ಅದೇ ಸಾಲಿನ ಕೆಲವು ಅಕ್ಷರಗಳನ್ನು ಗಟ್ಟಿಯಾಗಿ ಓದಿಬಿಟ್ಟನು. ಆಗ ನಮ್ಮ ಹುಡುಗನೊಬ್ಬನು, ಇದು ನಮ್ಮದಾದರೆ ಅವನಿಗೆ ಓದಲು ಹೇಗೆ ಬಂದಿತು ಮೇಷ್ಟ್ರೇ ಎಂದು ಕೇಳಿದನು. ನಮಗೆ ಕೂಡಲೇ ಉತ್ತರ ತೋಚಲಿಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳೆಂದೂ, ಬಹುಕಾಲ ಒಂದೇ ಆಗಿದ್ದು ಮೆಲ್ಲಮೆಲ್ಲನೆ ಬೇರೆಯಾದವೆಂದೂ ವಿದ್ವತ್ ಪರೀಕ್ಷೆಗೆ ನಾವು ಕಂಠಪಾಠ ಮಾಡಿದ್ದೆವು. ಆದರೆ ಆ ದಿನ ಗೋಡೆಯ ಮುಂದೆ ನಿಂತು ಹೆಮ್ಮೆಯಿಂದ ಮಾತಾಡುವಾಗ ಅದನ್ನು ಮರೆತಿದ್ದೆವು. ಮರುದಿನ ತರಗತಿಯಲ್ಲಿ ಪಾಠವನ್ನು ತಿದ್ದಿ ಹೇಳಿದೆವು.

ವೆಂಕಟರಾಯರ ಕಾಲದ ಅನೇಕರು ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ನಡೆದ ಕಾಲಕ್ಕೆ, ಆ ಸಾಮ್ರಾಜ್ಯವನ್ನು ಸ್ಥಾಪಿಸಿದವರು ಕನ್ನಡಿಗರೋ ತೆಲುಗರೋ ಎಂಬ ವಾದವು ವಿದ್ವಾಂಸರಲ್ಲಿ ಬಿರುಸಾಗಿತ್ತು. ಪರಕೀಯರಿಂದ ತನ್ನ ಚರಿತ್ರೆಯನ್ನು ಬಿಡಿಸಿಕೊಂಡ ಜನವು ನೆರೆಯವನೊಡನೆ ಅದಕ್ಕಾಗಿ ಜಗಳಕ್ಕೆ ನಿಲ್ಲುವುದು ಮಾನವ ಸಹಜವಾದ ದೌರ್ಬಲ್ಯ. ಆದರೆ ಕೃಷ್ಣದೇವರಾಯನು ತೆಲುಗಿನಲ್ಲಿ ಕಾವ್ಯವನ್ನು ಬರೆದನು. ಅವನ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿ ಇವೆ. ಅವನನ್ನು ಹಂಚಿಕೊಳ್ಳಬಹುದು, ಭಾಗ ಮಾಡಿಕೊಳ್ಳಲಾಗದು.

ಗುರುಗಳ ಗ್ರಂಥದಲ್ಲಿ ಕೊರತೆಯನ್ನು ತೋರಿಸುವುದು ಗುರುದ್ರೋಹವಲ್ಲ. ಗತವೈಭವದ ನಡುಮನೆಯಲ್ಲಿ ಅರಸರೂ ಆಚಾರ್ಯರೂ ಕುಳಿತಿದ್ದಾರೆ. ಕೆರೆ ಕಟ್ಟಿದ ಒಡ್ಡನೂ ಕಲ್ಲು ಕೆತ್ತಿದ ಶಿಲ್ಪಿಯೂ ಜಗುಲಿಯಲ್ಲಿಯೇ ನಿಂತಿದ್ದಾರೆ. ಸುಲ್ತಾನರ ವಿಜಾಪುರದಲ್ಲಿ ಹುಟ್ಟಿದವರ ಗ್ರಂಥದಲ್ಲಿ ವೈಭವವೆಲ್ಲ ಹಿಂದೂ ರಾಜವಂಶಗಳ ಪಾಲಿಗೆ ಬಂದಿದೆ. ಮಿಲ್ಲನು ಹಾಕಿದ ಗೆರೆಗಳನ್ನು ಅವರು ಪೂರ್ತಿ ಅಳಿಸಲಿಲ್ಲವೆಂದು ಹೇಳಬೇಕಾಗುತ್ತದೆ. ಆದರೆ ಅವರು ತೆರೆದ ಬಾಗಿಲಿನಿಂದಲೇ ಮುಂದಿನವರು ಒಳಹೊಕ್ಕರು. ಶಂ. ಬಾ. ಜೋಶಿಯವರು ಊರುಗಳ ಹೆಸರಿನಲ್ಲಿಯೂ ಆಡುಮಾತಿನಲ್ಲಿಯೂ ಕನ್ನಡ ಜನದ ಮೂಲವನ್ನು ಹುಡುಕಿದರು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳ ಹಿಂದಿನ ಸಾಮಾನ್ಯ ಜನರಿಗೂ ಚರಿತ್ರೆಯಲ್ಲಿ ಸ್ಥಾನವು ದೊರೆಯಿತು. ಮೊದಲು ಒಬ್ಬರು ನಾವೂ ಇದ್ದೆವೆಂದು ಕೂಗಿ ಹೇಳಿದರೆ ತಾನೆ, ನಾವೆಂದರೆ ಯಾರು ಯಾರು ಎಂದು ತರುವಾಯದವರು ಸಾವಧಾನವಾಗಿ ವಿಚಾರಿಸಬಹುದು?

ಆ ವಿಚಾರಣೆಗೆ ನಮ್ಮ ಗಡಿಸೀಮೆಗಿಂತ ಉತ್ತಮವಾದ ಸ್ಥಳವಿಲ್ಲ. ಮಡಕಶಿರೆಯ ಕಡೆಯ ಹೇಮಾವತಿಯು ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಅಲ್ಲಿಯ ಕರಿಯ ಕಲ್ಲಿನ ಕೆತ್ತನೆಯನ್ನು ಕಂಡವರು ಮರೆಯಲಾರರು. ನೊಳಂಬರ ಕಂಬಗಳು ಚೋಳರ ಕಾಲದಲ್ಲಿ ಕಾವೇರಿಯ ದಡದ ತಿರುವಯ್ಯಾರಿನವರೆಗೂ ಹೋಗಿವೆ. ಕಲ್ಯಾಣದುರ್ಗದ ಕಡೆಯ ಕಂಬದೂರಿನಲ್ಲಿ ಪ್ರಾಚೀನವಾದ ಮಲ್ಲಿಕಾರ್ಜುನ ದೇವಾಲಯವಿದೆ. ಹೊಲದ ಬದುವಿನಲ್ಲಿ, ಊರ ಮುಂದಿನ ಬೇವಿನ ಮರದ ಬುಡದಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ ಅಂಥ ಕಲ್ಲಿಗೆ ಇಂದು ಎಣ್ಣೆ ಹಚ್ಚುವವರು ತೆಲುಗರೋ ಕನ್ನಡಿಗರೋ ಎಂದು ಯಾರೂ ಕೇಳುವುದಿಲ್ಲ. ಈ ಕಲ್ಲುಗಳ ಮೇಲೆ ಸುಣ್ಣ ಬಳಿಯದಂತೆ, ಅವನ್ನು ಮನೆಯ ಪಾಯಕ್ಕೆ ಹಾಕದಂತೆ ಕಾಪಾಡುವುದು ನಮ್ಮ ಮೊದಲ ಇತಿಹಾಸ ಸೇವೆ.

ನಮ್ಮ ಮಕ್ಕಳು ಶಾಲೆಯಲ್ಲಿ ಆಂಧ್ರಪ್ರದೇಶದ ಪಠ್ಯಕ್ರಮದ ಚರಿತ್ರೆಯನ್ನು ಓದುತ್ತಾರೆ. ಅದನ್ನು ಶ್ರದ್ಧೆಯಿಂದಲೇ ಓದಲಿ, ಶಾತವಾಹನರೂ ಕಾಕತೀಯರೂ ಅವರಿಗೆ ಪರಕೀಯರಲ್ಲ. ಮನೆಗೆ ಬಂದ ಮೇಲೆ ಪುಲಕೇಶಿಯ ಕಥೆಯನ್ನೂ ನೊಳಂಬರ ಕಥೆಯನ್ನೂ ಹೇಳತಕ್ಕವರು ತಂದೆತಾಯಿಗಳು. ರಜಾದಿನಗಳಲ್ಲಿ ಹೇಮಾವತಿಗೋ ಲೇಪಾಕ್ಷಿಗೋ ಕಂಬದೂರಿಗೋ ಮಕ್ಕಳನ್ನು ಕರೆದೊಯ್ಯಿರಿ. ತಮ್ಮ ಊರಿನ ಕೆರೆಯನ್ನು ಕಟ್ಟಿಸಿದವರು ಯಾರು, ಊರಿಗೆ ಈ ಹೆಸರು ಹೇಗೆ ಬಂದಿತು, ಅಜ್ಜಿ ಹೇಳುವ ಕಥೆಯಲ್ಲಿರುವ ಪಾಳೆಯಗಾರನು ಯಾರು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯಿಸಿರಿ. ಕಂಡುದನ್ನು ಕಂಡಂತೆ, ಕೇಳಿದುದನ್ನು ಕೇಳಿದಂತೆ ಬರೆಯಲಿ. ತಿಳಿಯದುದನ್ನು ಹೆಮ್ಮೆಗಾಗಿ ಕಲ್ಪಿ‍ಸದಿರಲಿ. ಹಂಪೆಯನ್ನು ಕಂಡ ಒಬ್ಬ ತರುಣ ವಕೀಲನಿಂದ ಒಂದು ನಾಡು ಎಚ್ಚೆತ್ತಿತು. ಪಿನಾಕಿನಿಯ ದಡದ ಒಂದು ವೀರಗಲ್ಲನ್ನು ಕಂಡ ಹುಡುಗಿಯಿಂದ ಒಂದು ಊರು ಎಚ್ಚರಗೊಂಡರೆ ಅಷ್ಟೇ ಸಾಕು.

ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಅಂಥ ನೋಟ್ ಪುಸ್ತಕಗಳಿಂದ ಆಯ್ದ ನಾಲ್ಕು ಪುಟಗಳನ್ನು ಪ್ರಕಟಿಸಬೇಕೆಂದು ಸಂಘದ ಪದಾಧಿಕಾರಿಗಳಲ್ಲಿ ನಾವು ಈಗಲೇ ಪ್ರಾರ್ಥಿಸಿಕೊಳ್ಳುತ್ತೇವೆ. ಆಲೂರು ವೆಂಕಟರಾಯರಿಗೆ ಗಡಿನಾಡಿನ ಕನ್ನಡಿಗರು ಸಲ್ಲಿಸಬಹುದಾದ ತರ್ಪಣವು ಅದಕ್ಕಿಂತ ಬೇರೆ ಯಾವುದೂ ನಮಗೆ ತೋಚುತ್ತಿಲ್ಲ.